ಕೂಲರ್ ಎದುರಿನ ರೋಬೋಟ್

ಬರದ ಆ ಬೇಸಿಗೆಯ ತಾರೀಖುಗಳನ್ನು ಬಲ್ಲವರ ನೆನಪಿಗೆ ಒರೆಹಚ್ಚಿ ನೋಡಿದ್ದೇನೆ. ಯುಗಾದಿಯ ನಂತರವೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ನಿವೃತ್ತನಾದ ನಾನು ಬೀದರಿನ ಕಾಲೇಜೊಂದರ ವಿದ್ಯಾರ್ಥಿಗಳಿಗೆ, ಸ್ಪರ್ಧೆಗೆಂದು ಅವರು ಕಟ್ಟುತ್ತಿದ್ದ ರೋಬೋಟಿನ ವಿಷಯದಲ್ಲಿ ಸಲಹೆ ಕೊಡುತ್ತಿದ್ದೆ. ಚಕ್ರಗಳ ಮೋಟಾರಿಗೆ ವಿದ್ಯುತ್ತನ್ನು ಹದವರಿತು ಬಿಡುವ ಕಂಟ್ರೋಲರ್ ಎರಡು ಸಲ ಸುಟ್ಟಿತು. ಎರಡನೆಯದನ್ನು ಬಿಚ್ಚಿದಾಗ ಒಳಗೆ ನೀರು ಒಣಗಿ ಉಳಿದ ಬಿಳಿ ಕಲೆಗಳಿದ್ದವು. ಕೊಡ ನೀರಿಗೆ ಸರದಿ ನಿಲ್ಲುತ್ತಿದ್ದ ಆ ದಿನಗಳಲ್ಲಿ ಯಂತ್ರಕ್ಕೆ ನೀರು ಹಾಕಿದವರು ಯಾರು?

ತಂಡದ ನಾಯಕ, ಭಾಲ್ಕಿಯವನು, ತಂಡದಲ್ಲೇ ಇದ್ದ ಸಂತಪುರದ ವಿದ್ಯಾರ್ಥಿನಿಯತ್ತ ನೋಡಿದ. ರೋಬೋಟಿನ ಕೆಂಪು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದವಳು ಅವಳೇ.

"ಸರ್, ಈಕಿಗಿ ಸ್ಪರ್ಧಾಕ್ಕ ಕರ್ಕೊಂಡು ಹೋಗೂದು ಬ್ಯಾಡ್ರಿ. ರೋಬೋಟ್ ಓಡಿಸ್ಲಿಕ್ಕಿ ಕೊಡ್ಲಿಲ್ಲಂತ ಸಿಟ್ಟದ."

"ನಾ ಒರಸಿದ್ದು ಗಾಲಿ ಅಷ್ಟರಿ. ಕಂಟ್ರೋಲರ್ ಪೆಟ್ಟಿಗಿ ಮುಟ್ಟಿಲ್ರಿ."

"ಮತ್ತ ನೀರೇನು ಮುಗಿಲಿಂದ ಬಿತ್ತೇನು?"

"ಮುಗಿಲಿಂದ ಬಿದ್ದಿದ್ರ ನಮ್ಮ ಅವ್ವ ಅಪ್ಪ ದುಡಿಲಾಕ ಹೈದರಾಬಾದಿಗಿ ಯಾಕ ಹೋಗ್ತಿದ್ರು?"

ಮೊದಲನೆಯದು ಸುಟ್ಟದ್ದು ಯಾವ ದಿನವೆಂದು ಕೇಳಿದೆ. ಗುರುವಾರ ಮಧ್ಯಾಹ್ನವೆಂದ ನಾಯಕ. ಅಂದು ತಂದೆತಾಯಿಯನ್ನು ಬಸ್ಸು ಹತ್ತಿಸಲು ಊರಿಗೆ ಹೋಗಿದ್ದೆನೆಂದಳು ಅವಳು.

"ಯಾರಿಗಿ ಗೊತ್ತು?" ಎಂದ ಅವನು.

"ನಿನಗ! ಸಂಜಿಮುಂದ ನಾ ಊರಿಂದ ಬಂದು ರೊಟ್ಟಿ ಗಂಟು ಬಿಚ್ಚಿದ್ನಲ್ಲ? ಸುಟ್ಟ ವಾಸನಿಗಿ ಉಣ್ಣಲಿಕ್ಕಿ ಆಗವಲ್ದು ಅನ್ಕೋತ ಎಲ್ಲಾರಕಿಂತ ಹೆಚ್ಚು ತಿಂದವ ನೀನ!"

ಅವನು ಅದನ್ನು ಒಪ್ಪಿಕೊಂಡ. ದಿನವೇನೋ ತಾಳೆಯಾಯಿತು, ನೀರಿನ ಮೂಲ ಮಾತ್ರ ತಿಳಿಯಲಿಲ್ಲ. ಆಗಿನಿಂದ ನಾನು ಎಲ್ಲರನ್ನೂ ಶಂಕಿಸತೊಡಗಿದೆ.

ಮರುದಿನ ಪರೀಕ್ಷಾ ಓಟ ಮುಗಿಯುತ್ತಲೇ ನಾಯಕ ರೋಬೋಟನ್ನು ಎತ್ತಿ, ಮುಚ್ಚಳ ತೆರೆದು, ಕೋಣೆಯ ಕೂಲರಿನ ಎದುರಿಗಿಟ್ಟ. ನಮ್ಮ ಕಡೆ ಬಿಸಿಲಲ್ಲಿ ಬಂದ ಯಾರಿಗೇ ಆಗಲಿ, ಮೊದಲ ಉಪಚಾರ ಅದೇ. ಆದರೆ ಕೂಲರಿನ ಗಾಳಿಯೊಂದಿಗೆ ಹನಿಗಳೂ ಬರುತ್ತಿದ್ದವು. ಕಂಟ್ರೋಲರಿನ ಪುಟ್ಟ ಫ್ಯಾನು ಅವನ್ನು ಒಳಗೆಳೆಯುತ್ತಿತ್ತು. ನೀರು ಇಳಿಯುವ ಕೂಲರಿನ ಹುಲ್ಲಿನ ಪರದೆಗೆ ಬೋರ್‌ವೆಲ್ ನೀರಿನ ಉಪ್ಪು ಬೆಳ್ಳಗೆ ಹತ್ತಿತ್ತು. ಸುಟ್ಟ ಕಂಟ್ರೋಲರಿನೊಳಗಿದ್ದ ಬಿಳಿ ಕಲೆಗಳೂ ಅಂಥವೇ.

"ಬಿಸಿ ಆಗ್ಯದಂತ ಇಟ್ಟೆನ್ರಿ, ಸರ್. ದಿನಾ ಇಡ್ತೇನಿ," ಎಂದ ಅವನು, ಮೆಲ್ಲಗೆ.

ಕೂಲರನ್ನು ಗೋಡೆಯತ್ತ ತಿರುಗಿಸಿದೆವು. ಪೆಟ್ಟಿಗೆಯ ಗಾಳಿಗಂಡಿಗೆ ಧೂಳು ತಡೆಯಲು ತೆಳುವಾದ ಜಾಲರಿ ಕಟ್ಟಿ, ಓಟದ ನಂತರ ರೋಬೋಟನ್ನು ಒಣ ಗಾಳಿಯಲ್ಲೇ ಆರಿಸತೊಡಗಿದೆವು. ಮೂರನೆಯ ಕಂಟ್ರೋಲರ್ ಸುಡಲಿಲ್ಲ. ನಾಯಕ ಅವಳ ಕ್ಷಮೆ ಕೇಳಲಿಲ್ಲ.

ಸ್ಪರ್ಧೆಗೆ ಹೊರಟ ಬಸ್ಸಿನಲ್ಲಿ ಅವಳೂ ಇದ್ದಳು, ಕಂಟ್ರೋಲರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಎದುರು ಸೀಟಿನಲ್ಲಿ ಕುಳಿತ ನಾಯಕ ದಾರಿಯುದ್ದಕ್ಕೂ ಅತ್ತಲಿಂದ ಕಣ್ಣು ಕೀಳಲಿಲ್ಲ. ಅವನು ಕಾಯುತ್ತಿದ್ದದ್ದು ಪೆಟ್ಟಿಗೆಯನ್ನೋ ಅವಳನ್ನೋ, ನನಗೆ ಇಂದಿಗೂ ಖಚಿತವಿಲ್ಲ.