‘ರಿ’ ಹಚ್ಚಿ ಮಾತಾಡಿದ ಮಗು

ಜೂನ್ ತಿಂಗಳ ಮೊದಲ ವಾರ ನನಗೆ ಎಂದೂ ಆಗಿಬಂದಿಲ್ಲ. ಕಂಪ್ಲಿಯ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಹೇಳಿದಾಗಲೂ ಅಷ್ಟೆ, ಶಾಲೆ ತೆರೆಯುವ ಮುನ್ನಾದಿನದಿಂದಲೇ ಕುಂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಡಿಸಿಟ್ಟ ಸೀರೆಯನ್ನೇ ಮತ್ತೆ ಮಡಿಸುವುದು, ತುಂಬಿದ ಬಾಟಲಿಯ ನೀರು ಚೆಲ್ಲಿ ಮತ್ತೆ ತುಂಬುವುದು. ಹೋದ ವರ್ಷದ ಜೂನ್ ಇನ್ನೂ ಕಷ್ಟದ್ದಾಗಿತ್ತು. ಹೊಸಪೇಟೆಯಿಂದ ಸಂಡೂರಿನ ಕಡೆ, ಗುಡ್ಡದ ಬುಡದಲ್ಲಿರುವ ಒಂದು ಅಂತಾರಾಷ್ಟ್ರೀಯ ಶಾಲೆಗೆ ಕನ್ನಡ ಟೀಚರಾಗಿ ಹೊಸದಾಗಿ ಸೇರಿದ್ದೆ.

ಮೊದಲ ಮೂರು ದಿನ ಮಕ್ಕಳಿಲ್ಲ, ಬರೀ ಸಭೆಗಳು. ‘ನಾವೆಲ್ಲ ಒಂದು ಕಮ್ಯುನಿಟಿ’ ಎಂಬ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಎಲ್ಲರೂ ನಗುತ್ತಿದ್ದರು. ಹತ್ತಿರ ಬಂದಾಗಲೂ ನಗು, ಕಾರಿಡಾರಿನ ಆ ತುದಿಯಿಂದಲೂ ನಗು. ಸಂಜೆ ಬಸ್ಸಿನಲ್ಲಿ ಕೂತಾಗ ಪ್ರತಿನಗು ನಕ್ಕು ನಕ್ಕು ನನ್ನ ದವಡೆ ನೋಯುತ್ತಿತ್ತು. ಕ್ಲಾಸಿನಲ್ಲಿ ಟೀಚರಿಗೆ ಟೇಬಲ್ ಇರಲಿಲ್ಲ, ಮಕ್ಕಳ ಜೊತೆ ಸುತ್ತ ಕೂರಬೇಕಂತೆ. ಕೂರಬಹುದು, ಆದರೆ ಟೇಬಲ್ ಇಲ್ಲದ ಟೀಚರ್ ಕೈ ಎಲ್ಲಿಡಬೇಕು? ನಾನು ಸೆರಗು ಹಿಂಡುತ್ತಾ ಕೂತೆ.

ನಾಲ್ಕನೇ ದಿನ ಮಕ್ಕಳು ಬಂದರು. ನನ್ನ ಪಾಲಿಗೆ ಬಂದದ್ದು ಕನ್ನಡ ಹೊಸದಾಗಿ ಕಲಿಯುವ ಹನ್ನೊಂದು ಮಂದಿ, ಏಳೆಂಟು ವರ್ಷದವರು. ಗಣಿ, ಕಾರ್ಖಾನೆ ಎಂದು ಎಲ್ಲೆಲ್ಲಿಂದಲೋ ಬಂದ ಅಧಿಕಾರಿಗಳ ಮಕ್ಕಳು. ಒಬ್ಬ ಹುಡುಗಿ ಕೊರಿಯಾದವಳು. ಅವಳ ಅಪ್ಪ ಉಕ್ಕಿನ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಎಂಜಿನಿಯರು, ಬಂದು ಎರಡು ವರ್ಷವಾಗಿತ್ತು.

‘ನಿಮಗೆ ಈಗಾಗಲೇ ಬರುವ ಕನ್ನಡ ಹೇಳಿ, ಬೋರ್ಡಿನ ಮೇಲೆ ಬರೆಯುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮಕ್ಕಳು ಉತ್ಸಾಹದಿಂದ ಕೈ ಎತ್ತಿದರು. ಬಾ. ಹೋಗು. ನೀರು ಕೊಡು. ಒರೆಸು. ಜಲ್ದಿ. ಗಾಡಿ ತೆಗಿ. ಬ್ಯಾಡ. ಚಪ್ಪಲಿ ತಗೊಂಡ್ ಬಾ. ಕೊನೆಯಲ್ಲಿ ಕೊರಿಯಾದ ಹುಡುಗಿ ಮೆಲ್ಲಗೆ, ‘ಅವ್ವಾ, ಬಾ’ ಎಂದಳು. ಮತ್ತೊಂದು ‘ಬಾ’ ಎಂದುಕೊಂಡು ಮೊದಲಿದ್ದ ‘ಬಾ’ ಕೆಳಗೆ ಒಂದು ಗೆರೆ ಎಳೆದು ಮುಂದೆ ಹೋದೆ.

ತಿರುಗಿ ನೋಡಿದರೆ ಬೋರ್ಡಿನ ತುಂಬ ಆಜ್ಞೆಗಳು. ನನ್ನ ಪಿತ್ತ ನೆತ್ತಿಗೇರಿತು. ನಮ್ಮ ಊರಿನ ನೀರು ಕುಡಿದು, ನಮ್ಮ ಜನರ ಕೈಯಲ್ಲಿ ಬೆಳೆದು, ಈ ಮಕ್ಕಳು ಕಲಿತ ಕನ್ನಡವೆಂದರೆ ಆಳುಗಳನ್ನು ಓಡಾಡಿಸುವಷ್ಟು! ತಪ್ಪು ಮಕ್ಕಳದಲ್ಲ ಎಂದು ಗೊತ್ತಿತ್ತು. ಆದರೂ ಕೋಪ ಬಂದಾಗ ಎದುರಿಗೆ ಇದ್ದವರು ಅವರೇ. ಮೊದಲ ದಿನಕ್ಕೆಂದು ಬರೆದುಕೊಂಡಿದ್ದ ಬಣ್ಣ, ಹಣ್ಣು, ಪ್ರಾಣಿಗಳ ಪಾಠವನ್ನೆಲ್ಲ ಪಕ್ಕಕ್ಕಿಟ್ಟೆ.

‘ಇವತ್ತು ಒಂದೇ ಅಕ್ಷರ ಕಲಿಯೋಣ. ರಿ’ ಎಂದೆ.

ಶಾಲೆ ಕೊಟ್ಟ ಪುಸ್ತಕದಲ್ಲಿ ‘ಬನ್ನಿ, ಕುಳಿತುಕೊಳ್ಳಿ’ ಎಂದಿತ್ತು. ನಾನು ನಮ್ಮ ಸೀಮೆಯದನ್ನೇ ಕಲಿಸಿದೆ. ಬರ್ರಿ, ಕುಂದ್ರಿ, ಕೊಡ್ರಿ, ಬ್ಯಾಡ್ರಿ. ಹಿಂದೆ ‘ರಿ’ ಹಚ್ಚಿದರೆ ಮಾತಿಗೆ ಮರ್ಯಾದೆ ಬರುತ್ತದೆ ಎಂದು ವಿವರಿಸಿದೆ. ಮಕ್ಕಳಿಗೆ ಅದು ಆಟದಂತೆ ಹಿಡಿಸಿತು. ಹೋಂವರ್ಕ್ ಏನೆಂದರೆ, ಒಂದು ವಾರ ಕನ್ನಡದಲ್ಲಿ ಯಾರ ಜೊತೆ ಮಾತಾಡಿದರೂ ‘ರಿ’ ಹಚ್ಚಬೇಕು.

ಕೊರಿಯಾದ ಹುಡುಗಿ ಕೈ ಎತ್ತಿದಳು. ‘ಎಲ್ಲರಿಗೂ?’

‘ಎಲ್ಲರಿಗೂ.’

‘ಮನೆಯಲ್ಲಿ?’

‘ಮನೆಯಲ್ಲೇ ಮೊದಲು’ ಎಂದೆ, ಜಗತ್ತನ್ನೇ ತಿದ್ದಲು ಹೊರಟವಳ ಹಾಗೆ.

ವಾರ ಕಳೆಯುವುದರೊಳಗೆ ನನ್ನ ಹೆಸರು ಶಾಲೆಯ ತುಂಬ ಓಡಾಡಿತು. ಹೊಸಪೇಟೆ ಬಸ್ಸಿನ ಡ್ರೈವರು ನನ್ನನ್ನು ಕಂಡವನೇ, ‘ಏನ್ ಮಂತ್ರ ಹಾಕೀರಿ ಮೇಡಂ? ಸಣ್ಣ ಸಣ್ಣ ಹುಡುಗ್ರು ಗಾಡಿ ತೆಗೀರಿ ಅಂತಾವ! ಇಷ್ಟ್ ವರ್ಷ ಸ್ಟೇರಿಂಗ್ ಹಿಡಿದೀನಿ, ಯಾರೂ ಹಿಂಗ ಅಂದಿದ್ದಿಲ್ಲ ನೋಡ್ರಿ’ ಎಂದು ನಕ್ಕ. ಒಬ್ಬ ಹುಡುಗ ಕಾಂಪೌಂಡಿನ ಮೇಲೆ ಕೂತು ತನ್ನ ಬಾಳೆಹಣ್ಣನ್ನೇ ದಿಟ್ಟಿಸುತ್ತಿದ್ದ ಕೋತಿಗೆ ಕೈಮುಗಿದು, ‘ಹೋಗ್ರಿ, ಹೋಗ್ರಿ’ ಎಂದನಂತೆ. ಕೋತಿ ಹೋಗಲಿಲ್ಲ, ಬಾಳೆಹಣ್ಣು ಹೋಯಿತು. ಸಭೆಯಲ್ಲಿ ಪ್ರಿನ್ಸಿಪಾಲರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಆ ಉಬ್ಬಿನಲ್ಲಿ ಕೊರಿಯಾದ ಹುಡುಗಿಯ ಕಡೆ ನಾನು ಸರಿಯಾಗಿ ನೋಡಲೇ ಇಲ್ಲ. ಶಾಲೆಗೆ ಹತ್ತಿರದ ಕ್ವಾರ್ಟರ್ಸಿನಲ್ಲಿ ಅವಳ ಮನೆ. ದಿನಾ ಮಧ್ಯಾಹ್ನ ಅವಳನ್ನು ಕರೆದೊಯ್ಯಲು ಒಬ್ಬಾಕೆ ಗೇಟಿಗೆ ಬರುತ್ತಿದ್ದಳು. ಅವರ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಇದ್ದಾಕೆ, ಐವತ್ತರ ಆಸುಪಾಸಿನವಳು, ಚೋರನೂರಿನವಳು. ಅದರ ಹಿಂದಿನ ವರ್ಷವೆಲ್ಲ ಹುಡುಗಿ ಓಡಿಹೋಗಿ ಆಕೆಯ ಸೊಂಟ ತಬ್ಬಿದರೆ ಆಕೆ ಬ್ಯಾಗನ್ನು ಕಸಿದು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳಂತೆ. ಎರಡನೇ ವಾರ ಆಕೆ ಗೇಟಿನಲ್ಲಿ ಕಾಣಲಿಲ್ಲ. ಬದಲಿಗೆ ಕಾರು ಬಂತು.

ಹುಡುಗಿಯ ಊಟದ ಡಬ್ಬಿ ತೆರೆಯದೆಯೇ ವಾಪಸ್ ಹೋಗತೊಡಗಿತು. ಕ್ಲಾಸಿನಲ್ಲಿ ಎಲ್ಲರೂ ‘ಬರ್ರಿ, ಕುಂದ್ರಿ’ ಎಂದು ಒಕ್ಕೊರಲಿನಿಂದ ಕೂಗಿದರೆ ಅವಳು ತುಟಿ ಬಿಗಿಹಿಡಿದು ಕೂರುತ್ತಿದ್ದಳು. ಮೊಂಡುತನ ಎಂದುಕೊಂಡೆ. ಒಮ್ಮೆ ಅವಳನ್ನು ಎಬ್ಬಿಸಿ ನಿಲ್ಲಿಸಿ, ‘ಹೇಳು, ಎಲ್ಲರೂ ಹೇಳುತ್ತಿಲ್ಲವಾ?’ ಎಂದು ಗದರಿದೆ. ಅವಳು ಹೇಳಲಿಲ್ಲ, ಅಳಲೂ ಇಲ್ಲ. ಆ ಗದರಿಕೆ ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಶನಿವಾರ ಪಾಲಕರ ಭೇಟಿ. ಹುಡುಗಿಯ ತಾಯಿ ಬಂದು ನನ್ನೆದುರು ಕೂತರು. ಅವರ ಇಂಗ್ಲಿಷೂ ನಿಧಾನ, ನನ್ನದೂ ನಿಧಾನ. ಹಾಗಾಗಿ ಇಬ್ಬರಿಗೂ ಪೂರ್ತಿ ಅರ್ಥವಾಯಿತು.

ಮಗುವನ್ನು ನೋಡಿಕೊಳ್ಳುವಾಕೆ ಕೆಲಸ ಬಿಟ್ಟು ಹೋಗಿದ್ದಾಳೆ ಎಂದರು. ಜಗಳವಿಲ್ಲ, ರಜೆ ಕೇಳಲಿಲ್ಲ. ‘ಮಗು ದೊಡ್ಡದಾಯಿತು, ಇನ್ನು ನಾನು ಬೇಡ’ ಎಂದು ಡ್ರೈವರನ ಕೈಲಿ ಹೇಳಿ ಕಳಿಸಿದ್ದಳಂತೆ. ಮಗು ರಾತ್ರಿ ಊಟ ಮಾಡುತ್ತಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ತಾನು ಕಾಯಿಲೆ ಬಿದ್ದು ಮಲಗಿದ್ದಾಗ ಮಗುವಿಗೆ ಉಣ್ಣಿಸಿ ಮಲಗಿಸಿದ್ದು ಆಕೆಯೇ, ಇಲ್ಲಿ ಅವಳಿಗೆ ತನ್ನವರು ಎಂದು ಇದ್ದದ್ದೂ ಆಕೆಯೊಬ್ಬಳೇ ಎಂದರು. ಆಮೇಲೆ ಕೇಳಿದರು, ‘ನೀವು ಏನೋ ಒಂದು ಹೊಸ ಅಕ್ಷರ ಕಲಿಸಿದಿರಂತೆ. ಅದೇನು?’

ನಾನು ಹೆಮ್ಮೆಯಿಂದಲೇ ವಿವರಿಸಿದೆ. ಅವರು ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿಕೊಂಡರು.

‘ನಮ್ಮ ಭಾಷೆಯಲ್ಲೂ ಎರಡು ಬಗೆ ಇದೆ’ ಎಂದರು. ‘ದೊಡ್ಡವರಿಗೆ, ಹೊರಗಿನವರಿಗೆ ಒಂದು. ಹತ್ತಿರದವರಿಗೆ ಇನ್ನೊಂದು. ನನ್ನ ಮಗಳು ನನ್ನ ಜೊತೆ ಎರಡನೆಯದರಲ್ಲೇ ಮಾತಾಡುತ್ತಾಳೆ. ಒಂದು ದಿನ ಇದ್ದಕ್ಕಿದ್ದಂತೆ ಮೊದಲನೆಯದರಲ್ಲಿ ಮಾತಾಡಿದರೆ ನನಗೆ ಭಯವಾಗುತ್ತದೆ. ನಾನೇನು ಮಾಡಿದೆ ಅಂತ.’

ಕಂಪ್ಲಿಯಲ್ಲಿರುವ ನನ್ನ ಅವ್ವನಿಗೆ ನಾನು ಇವತ್ತಿಗೂ ‘ಏ ಅವ್ವಾ, ಬಾ ಇಲ್ಲಿ’ ಎನ್ನುತ್ತೇನೆ. ‘ರಿ’ ಹಚ್ಚುವುದು ಅತ್ತೆಗೆ. ಗಂಡನ ಮೇಲೆ ಸಿಟ್ಟು ಬಂದರೆ ಅವನೂ ನಾನೂ ‘ಊಟ ಮಾಡ್ರಿ’, ‘ನೀವು ಮಾಡ್ರಿ’ ಎಂದು ಮರ್ಯಾದೆಯಲ್ಲೇ ಎರಡು ದಿನ ತಳ್ಳುತ್ತೇವೆ. ಹುಟ್ಟಿದಾಗಿನಿಂದ ಈ ಮಾತನ್ನೇ ಆಡುತ್ತಾ ಬಂದವಳು ನಾನು. ಕೊರಿಯಾದಿಂದ ಬಂದ ಹೆಂಗಸು ಅದನ್ನು ನನಗೆ ಹೇಳಿಕೊಡಬೇಕಾಯಿತು. ತನ್ನನ್ನು ನೋಡಿಕೊಳ್ಳುವಾಕೆಯನ್ನು ಕರೆಯುವ ಹಾಗೆಯೇ ಮಗು ಅಂದು ‘ಅವ್ವಾ, ಬಾ’ ಎಂದಾಗ ನಾನು ‘ಅವ್ವಾ’ ಎಂಬುದನ್ನು ಕೇಳಿಸಿಕೊಂಡಿರಲೇ ಇಲ್ಲ.

ಮರುದಿನ ಭಾನುವಾರ. ಹೊಸಪೇಟೆಯಿಂದ ಸಂಡೂರಿಗೆ, ಅಲ್ಲಿಂದ ಚೋರನೂರಿಗೆ ಬಸ್ಸು ಹಿಡಿದೆ. ಸೀಟು ಸಿಕ್ಕರೂ ಕೂರಲಾಗದೆ ಅರ್ಧ ದಾರಿ ನಿಂತೇ ಹೋದೆ. ಕಂಡಕ್ಟರು ಎರಡು ಸಲ, ‘ಕುಂದ್ರಿ ಯಕ್ಕಾ, ಊರ್ ಬಂದಾಗ ಹೇಳ್ತೀನಿ’ ಎಂದ. ಅದಿರಿನ ಲಾರಿ ಎದುರಾದಾಗಲೆಲ್ಲ ಬಸ್ಸು ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು, ನಾನು ಒಳಗೊಳಗೇ ಲಾರಿಗಳಿಗೆಲ್ಲ ಶಾಪ ಹಾಕುತ್ತಿದ್ದೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹತ್ತು ಬಗೆಯಲ್ಲಿ ಜೋಡಿಸಿ, ಹತ್ತನ್ನೂ ಅಳಿಸಿದೆ.

ಆಕೆ ಮನೆಯ ಮುಂದೆ ಮೊರದಲ್ಲಿ ಬಿತ್ತನೆಯ ಜೋಳ ಆರಿಸುತ್ತಾ ಕೂತಿದ್ದಳು. ನನ್ನನ್ನು ಕಂಡು ದಡಬಡಿಸಿ ಎದ್ದಳು. ‘ಬರ್ರಿ ಟೀಚರಮ್ಮಾ, ಕುಂದ್ರಿ. ಮಗಾ ಆರಾಮೈತಾ?’

‘ಆರಾಮಿಲ್ಲ. ಉಣವಲ್ಲದು’ ಎಂದೆ. ‘ಯಾಕಕ್ಕಾ ಬಿಟ್ಟು ಬಂದ್ರಿ?’

ಆಕೆ ಕಾಳುಗಳನ್ನು ಬೆರಳಲ್ಲಿ ಸರಿಸುತ್ತಾ ಹೇಳಿದಳು.

‘ಅವತ್ತ ಸಾಲಿ ಬಿಟ್ಟಮ್ಯಾಲ ನಾ ಕೈ ಚಾಚಿದ್ನಿ. ಓಡಿ ಬರಲಿಲ್ಲ. ದೂರ ನಿಂತು, ಬರ್ರಿ ಅಂತು. ಮನ್ಯಾಗ ಕುಂದ್ರಿ ಅಂತು. ಮಕ್ಕಳಾಟ ಅಂತ ನಕ್ಕೆ. ಮರುದಿನಾನೂ ಹಂಗ. ಮೂರನೇ ದಿನ, ಊಟ ಕೊಡ್ರಿ ಅಂತು. ನನ್ನ ಎದಿ ಧಸಕ್ಕಂತು ನೋಡ್ರಿ. ನನ್ನ ತಮ್ಮ ಬ್ಯಾರಿ ಆಗೋ ದಿನ ಹಿಂಗ ಅಂದಿದ್ದ, ಅಕ್ಕಾರೆ ಕುಂದ್ರಿ ಅಂತ. ಅವತ್ತ ತಿಳೀತು, ಮನಿ ಒಡೀತು ಅಂತ. ಈ ಮಗೂಗೂ ಅವರ ಮನ್ಯಾಗ ಹೇಳಿಕೊಟ್ಟಾರ, ದೊಡ್ಡಾಕಿ ಆದಿ, ಆಳನ್ನ ದೂರ ಇಡು ಅಂತ. ಹೋಗು ಅನ್ನಿಸ್ಕೊಳ್ಳಾಕಿಂತ ಮೊದಲ ನಾನ ಹೋಗೋದು ಚಲೋ ಅನ್ನಿಸ್ತು.’

‘ಅವರಲ್ಲಕ್ಕಾ, ಹೇಳಿಕೊಟ್ಟಾಕಿ ನಾನು’ ಎಂದೆ. ‘ನಿಮಗ ಮರ್ಯಾದಿ ಕೊಡ್ಲಿ ಅಂತ ಹೇಳಿಕೊಟ್ಟೆ. ತಪ್ಪು ನಂದು.’

ಆಕೆ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

‘ನೀವು ಕಲಿಸಿದ್ದು ತಪ್ಪಲ್ಲ ಬಿಡ್ರಿ ಟೀಚರಮ್ಮಾ. ಹೊರಗಿನೋರಿಗೆ ಹಂಗ ಅನಬೇಕು. ನಾ ಹೊರಗಿನಾಕಿ ಅಂತ ನನಗ ಗೊತ್ತಿದ್ದಿಲ್ಲ, ಅಷ್ಟ.’

ಬರುತ್ತೀರಾ ಎಂದು ಕೇಳಿದೆ. ಮಳೆ ಬಿದ್ದಿದೆ, ಬಿತ್ತನೆ ಇದೆ, ನೋಡೋಣ ಎಂದಳು. ಚಹಾ ಕೊಟ್ಟಳು. ಕುಡಿದೆ, ರುಚಿ ಗೊತ್ತಾಗಲಿಲ್ಲ. ಬಸ್ಸಿನವರೆಗೆ ಬಂದು ಬೀಳ್ಕೊಟ್ಟಳೇ ಹೊರತು ಹ್ಞೂಂ ಎನ್ನಲಿಲ್ಲ.

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಏನೋ ನೆಪ ಮಾಡಿಕೊಂಡು ಗೇಟಿಗೆ ಹೋದೆ. ಬರಲಿಲ್ಲ. ಮಂಗಳವಾರವೂ ಹೋದೆ. ಬುಧವಾರ ಪಾಠದ ಮಧ್ಯೆ ನಾಲ್ಕು ಸಲ ಕಿಟಕಿಗೆ ಹೋಗಿ ಬಂದೆ. ‘ಯಾರು ಬರ್ತಾರ್ರಿ ಟೀಚರ್?’ ಎಂದು ಮಕ್ಕಳು ಕೇಳಿದರು, ‘ರಿ’ ಹಚ್ಚಿ, ಸ್ವಲ್ಪವೂ ತಪ್ಪಿಲ್ಲದೆ. ನನಗೆ ಆ ಅಕ್ಷರ ಕೇಳಿದರೆ ಮೈ ಉರಿಯುತ್ತಿತ್ತು.

ಗುರುವಾರ ಆಕೆ ಬಂದಿದ್ದಳು. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ನಿಂತಿದ್ದಳು, ಕಾಲಿನ ತುಂಬ ಹೊಲದ ಮಣ್ಣು. ಕಾರಿನ ಕಡೆ ಹೊರಟಿದ್ದ ಹುಡುಗಿ ಆಕೆಯನ್ನು ಕಂಡು ನಿಂತುಬಿಟ್ಟಳು. ಓಡುತ್ತಾಳೆ ಎಂದು ನಾನು ಕಾದೆ. ಓಡಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ನನ್ನ ಕಡೆ ತಿರುಗಿದಳು.

‘ಟೀಚರ್’ ಎಂದಳು, ‘ಬಾ? ಬರ್ರಿ?’

ಪರೀಕ್ಷೆಯಲ್ಲಿ ಕೇಳುವ ಹಾಗೆ ಕೇಳಿದಳು. ತಪ್ಪು ಹೇಳಿದರೆ ಆಕೆ ಮತ್ತೆ ಹೊರಟುಹೋಗುತ್ತಾಳೆ ಎಂಬ ಹೆದರಿಕೆ ಅವಳ ಮುಖದಲ್ಲಿತ್ತು. ನಾನು ಬಾಯಿ ತೆರೆಯುವುದರೊಳಗೆ ಆಕೆ ಮುಂದೆ ಬಂದು ಮಗುವಿನೆದುರು ಕುಕ್ಕರಗಾಲಲ್ಲಿ ಕೂತಳು.

‘ಆಕೀನ್ನ ಯಾಕ ಕೇಳ್ತಿ?’ ಎಂದಳು. ‘ಆಕೀಗೇನ್ ಗೊತ್ತೈತಿ? ನನ್ನ ಕೇಳು.’

ಮಗು ಎರಡೂ ಮುಷ್ಟಿಯಿಂದ ಆಕೆಯ ಎದೆಗೆ ಗುದ್ದಿತು. ‘ಯಾಕ ಹೋದಿ?’ ಎಂದಿತು. ಮತ್ತೆ ಗುದ್ದಿತು. ‘ಯಾಕ ಹೋದಿ ನೀ? ಯಾಕ ಹೋದಿ?’

ಅದಕ್ಕೆ ಉತ್ತರ ಕೊಡಬೇಕಾದವಳು ನಾನು. ಆಕೆ ನನ್ನ ಕಡೆ ಬೆರಳು ತೋರಿಸಲಿಲ್ಲ, ‘ತಪ್ಪಾತವ್ವಾ, ತಪ್ಪಾತು’ ಎಂದು ತನ್ನ ಮೇಲೇ ಹಾಕಿಕೊಂಡಳು.