ಅತ್ತೆಯ ಗಾಯ ತೊಳೆದ ಎಂಟು ದಿನ

ನನ್ನ ಅತ್ತೆ ಹುಳು ಸಾಕುವುದರಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಮನೆಯಲ್ಲಿ ರೇಷ್ಮೆಹುಳು ಇರುವಷ್ಟು ದಿನ ಒಗ್ಗರಣೆ ಹಾಕುವಂತಿರಲಿಲ್ಲ. ಘಾಟಿಗೆ ಹುಳು ಮೇವು ಬಿಡುತ್ತವೆ ಎನ್ನುವುದು ಜಂಗಮಕೋಟೆ ಕಡೆಯ ಎಲ್ಲರ ನಂಬಿಕೆ. ಅತ್ತೆಗೆ ಅದು ಕಾನೂನು. ಮದುವೆಯಾಗಿ ಬಂದ ವರ್ಷ ನಾನು ಮಲ್ಲಿಗೆ ಮುಡಿದು ಹುಳುವಿನ ತಟ್ಟೆಗಳ ಹತ್ತಿರ ಹೋದೆನೆಂದು ಇಡೀ ಬೀದಿಗೆ ಕೇಳುವಂತೆ ಬೈದಿದ್ದರು. ಅವರನ್ನು ಕಂಡರೆ ನನಗೆ ಹೆದರಿಕೆ. ಪ್ರೀತಿಯೂ ಇತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಅದು ಆಮೇಲೆ ಬಂದದ್ದು.

ಅರವತ್ತರ ದಶಕದ ಕೊನೆಯ ವರ್ಷಗಳು. ಅತ್ತೆಯ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಗಡ್ಡೆಯಿದೆ, ಅದು ಕ್ಯಾನ್ಸರ್ ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಈಲಿಯ ಒಂದು ತುಂಡನ್ನೇ ಕೊಯ್ದು ತೆಗೆದರು. ಈಲಿ ಕೊಯ್ದರೂ ಬದುಕುತ್ತಾರೆಯೇ ಎಂದು ಊರವರು ಮೂಗಿನ ಮೇಲೆ ಬೆರಳಿಟ್ಟರು. ಬದುಕಿದರು. ತಿಂಗಳ ಮೇಲೆ ಮನೆಗೆ ಕಳಿಸುವಾಗ, ಹೊಟ್ಟೆಯ ಬಲಗಡೆ ರಬ್ಬರ್ ನಳಿಗೆ ಇಟ್ಟಿದ್ದ ಜಾಗದಲ್ಲಿ ಗಾಯ ಇನ್ನೂ ಒಸರುತ್ತಿತ್ತು. ದಿನಕ್ಕೆರಡು ಸಲ ಈ ಲೋಷನ್ನಿನಲ್ಲೇ ತೊಳೆದು ಪಟ್ಟಿ ಕಟ್ಟಬೇಕು, ಕೀವಾದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಸೀಸೆಯನ್ನು ನನ್ನ ಕೈಗೇ ಕೊಟ್ಟರು. ಮನೆಯಲ್ಲಿ ಏಳನೆಯ ಕ್ಲಾಸು ಓದಿದವಳು ನಾನೊಬ್ಬಳೇ.

ನಾವು ಬರುವ ಹೊತ್ತಿಗೆ ಹುಳು ಕೊನೆಯ ಪೊರೆ ಬಿಟ್ಟು ಬಕಾಸುರರ ಹಾಗೆ ಸೊಪ್ಪು ತಿನ್ನುತ್ತಿದ್ದವು. ಮನೆಗೆ ಇದ್ದದ್ದೇ ಒಂದು ನಡುಮನೆ, ಒಂದು ಕೋಣೆ. ನಡುಮನೆ ಹುಳುವಿಗೆ, ಕೋಣೆ ಅತ್ತೆಗೆ. ಮೊದಲ ದಿನ ಸೀಸೆಯ ಬಿರಡೆ ತೆಗೆದದ್ದೇ ತಡ, ಮೂಗು ಸುಡುವ ವಾಸನೆ ತುಂಬಿಕೊಂಡಿತು.

"ಮುಚ್ಚಮ್ಮ ಅದನ್ನ. ಆ ಘಾಟಿಗೆ ಹುಳ ಒಂದೂ ಉಳಿಯಲ್ಲ."

"ಡಾಕ್ಟ್ರು ಇದರಲ್ಲೇ ತೊಳೀಬೇಕು ಅಂದವ್ರೆ ಅತ್ತೆ."

"ಡಾಕ್ಟ್ರು ಹುಳ ಸಾಕವ್ರಾ? ಬಿಸಿನೀರಲ್ಲಿ ತೊಳ್ದು ಅರಿಶಿನ ಹಚ್ಚು. ಎಂಟು ದಿನ ಅಷ್ಟೆ. ಗೂಡು ಕಟ್ಟಿದ್ಮೇಲೆ ನಿನ್ನಿಷ್ಟ."

ಮುಚ್ಚಿದೆ. ಹಿತ್ತಲಿಗೆ ಕರೆದೊಯ್ದು ತೊಳೆಯಬಹುದಿತ್ತು. ಪಕ್ಕದ ಮನೆಯಲ್ಲಿ ಮಲಗಿಸಬಹುದಿತ್ತು. ಗಂಡನಿಗಾದರೂ ಹೇಳಬಹುದಿತ್ತು, ಅವರು ಸೊಪ್ಪು ಕೊಯ್ದು ತರುವುದರಲ್ಲೇ ಮುಳುಗಿದ್ದರು, ನಾನೂ ಬಾಯಿ ಬಿಡಲಿಲ್ಲ. ಬೈಗುಳಕ್ಕೆ ಹೆದರಿದೆ, ಇಷ್ಟೇ ನಿಜ. ಎಂಟು ದಿನವೂ ಬಿಸಿನೀರು, ಅರಿಶಿನ.

ಹುಳು ಹಣ್ಣಾಗಿ, ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನವೇ ಅತ್ತೆಗೆ ಗಡಗಡ ನಡುಗುವ ಚಳಿಜ್ವರ ಬಂತು. ಮಾರನೆಯ ದಿನ ಕಣ್ಣು ಹಳದಿಯಾಯಿತು, ಗಾಯದಿಂದ ನಾತದ ಕೀವು. ಶಿಡ್ಲಘಟ್ಟದಿಂದ ಬಾಡಿಗೆ ಕಾರು ತರಿಸಿ ಬೆಂಗಳೂರಿಗೆ ಕರೆದೊಯ್ದೆವು.

ಡಾಕ್ಟರು ಪಟ್ಟಿ ಬಿಚ್ಚಿದರು. ಗಾಯದ ಸುತ್ತ ಅರಿಶಿನದ ಬಣ್ಣ ಕಂಡು, "ಯಾವುದರಲ್ಲಿ ತೊಳೀತಿದ್ರಿ?" ಎಂದು ನನ್ನನ್ನೇ ಕೇಳಿದರು. ಗಂಡ ಪಕ್ಕದಲ್ಲೇ ನಿಂತಿದ್ದರು.

ಮಾತಾಡಲೂ ತ್ರಾಣವಿಲ್ಲದೆ ಮಲಗಿದ್ದ ಅತ್ತೆ ಕಣ್ಣು ತೆರೆದರು. "ನೀವು ಕೊಟ್ಟ ಔಷಧೀಲೇ ತೊಳೀತಿದ್ಲು ಸ್ವಾಮಿ. ಅರಿಶಿನ ನಾನೇ ಹಚ್ಕೊಂಡೆ. ಅವಳಿಗೆ ಗೊತ್ತಿಲ್ಲ."

ಈಲಿ ಕೊಯ್ದ ಜಾಗದಲ್ಲೇ ಕೀವು ತುಂಬಿದೆ, ಹೊರಗಿನಿಂದ ಹೋಯಿತೋ ಒಳಗೇ ಹುಟ್ಟಿತೋ ಹೇಳಲಾಗದು ಎಂದರು ಡಾಕ್ಟರು. ಪೆನಿಸಿಲಿನ್ ಚುಚ್ಚಿದರು. ಐದನೆಯ ದಿನ ಅತ್ತೆ ಹೋದರು. ಆ ಐದು ದಿನವೂ ನಾನು ಮಂಚದ ಪಕ್ಕದಲ್ಲೇ ಇದ್ದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಲಿಲ್ಲ, ಅವರೂ ಆ ಮಾತೆತ್ತಲಿಲ್ಲ. ಒಮ್ಮೆ ಮಾತ್ರ, "ಗೂಡು ಬಿಡಿಸಿದ್ರಾ?" ಎಂದರು. ಹೂಂ ಎಂದೆ. ಆಗ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಹಿಡಿಯಲು ಸಂಕೋಚವಾಯಿತು. ಆ ಸಂಕೋಚಕ್ಕೆ ಇವತ್ತಿಗೂ ಅಳು ಬರುತ್ತದೆ.

ತಿಥಿಯ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ ಗಂಡ ನನ್ನ ಕಡೆ ಕೈ ತೋರಿಸಿದರು. "ನಮ್ಮಮ್ಮನ್ನ ಇವಳು ನೋಡ್ಕೊಂಡಂಗೆ ಹೆತ್ತ ಮಗಳೂ ನೋಡ್ಕೊಳಲ್ಲ. ಡಾಕ್ಟ್ರು ಹೇಳಿದ್ದನ್ನ ಒಂದಿನಾನೂ ತಪ್ಪಿಸಲಿಲ್ಲ." ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ನಾನು ಗಂಡನ ಎಲೆಗೆ ಪಾಯಸ ಬಡಿಸಿ ಮುಂದಕ್ಕೆ ಹೋದೆ.