ಮಟ್ಟಸವಾಗಿ ಕೂತ ಕೌದಿ ಅಂಚು

ಮೊಮ್ಮಗಳನ್ನು ಇವತ್ತು ತೊಟ್ಟಿಲಿಗೆ ಹಾಕಿದೆವು! ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿದ ಬಂಗಾರ, ಈಗ ನಾನು ಹೊಲಿದ ಪುಟಾಣಿ ಕೌದಿ ಮೇಲೆ ಮಲಗಿದೆ. ಕೌದಿಯ ನಾಲ್ಕು ಅಂಚೂ ಮಟ್ಟಸ. ನೋಡಬೇಕಾದವಳು ಅದನ್ನು ಕಣ್ಣಾರೆ ನೋಡಿದಳು. ನನ್ನ ಸಂತೋಷದಲ್ಲಿ ಅರ್ಧ ಪಾಲು ಅದೇ ಕಣ್ರೀ, ಸುಳ್ಳು ಯಾಕೆ ಹೇಳಲಿ.

ಅವಳು ನನ್ನ ವಾರಗಿತ್ತಿ, ಅರಕಲಗೂಡಿನಲ್ಲಿದ್ದಾಳೆ. ಆರು ವರ್ಷದ ಹಿಂದೆ, ನನ್ನ ಮಗನ ಮಗುವನ್ನು ತೊಟ್ಟಿಲಿಗೆ ಹಾಕಿದಾಗಲೂ ಹಳೇ ಸೀರೆಯ ತುಂಡುಗಳಲ್ಲಿ ಮೊಳದಗಲದ ಕೌದಿ ಹೊಲಿದಿದ್ದೆ. ನಡುವೆಲ್ಲ ಚೆನ್ನಾಗಿತ್ತು, ಸುತ್ತ ಹಚ್ಚಿದ ಪಟ್ಟಿ ಮಾತ್ರ ಅಲೆ ಅಲೆಯಾಗಿ ಎದ್ದಿತ್ತು. ಅವಳು ನೆಂಟರೆದುರಿಗೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಅಕ್ಕ, ಇದೇನು ಕೌದಿಯೋ, ಎಣ್ಣೆಗೆ ಬಿಟ್ಟ ಅಪ್ಪಳವೋ? ಇರ್ಲಿ ಬುಡು, ನೆಲ ಒರ್ಸಕ್ಕಾಯ್ತದೆ."

ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ಅವರಿಗೆ ಎರಡು ದಿನ ಉಪ್ಪಿಲ್ಲದ ಸಾರು ಬಡಿಸಿದೆ. ತೊಟ್ಟಿಲಿಗೆ ಬಿದ್ದದ್ದು ಅವಳು ತಂದ ಅಂಗಡಿ ಹೊದಿಕೆ. ಅವತ್ತೇ ಅಂದುಕೊಂಡೆ, ಒಂದು ದಿನ ನನ್ನ ಕೌದೀನ ಇವಳ ಕೈಯಲ್ಲೇ ಹಾಸಿಸಬೇಕು.

ಆ ಕೌದೀನ ಚೀಲಕ್ಕೆ ತುರುಕಿ ಹೊಳೆನರಸೀಪುರದ ವಯಸ್ಸಾದ ದರ್ಜಿಯೊಬ್ಬರ ಹತ್ತಿರ ಹೋದೆ.

"ಅಂಚಲ್ಲಿ ಅಳ್ದು ಪಟ್ಟಿ ಕತ್ತರಿಸ್ದೇನವ್ವ?"

"ಊಂ ಕಣಪ್ಪ."

"ಅಲ್ಲೇ ಕೆಟ್ಟಿರೋದು. ಕೈಯಾಡಿ ಕೈಯಾಡಿ ಅಂಚು ಹಿಗ್ಗಿರ್ತದೆ. ಅಂಚನ್ನ ಅಳೀಲೇಬಾರ್ದು. ಕೌದಿ ನಟ್ಟನಡುವೆ ಅಳಿ, ಆ ಅಳತೆಗೇ ಪಟ್ಟಿ ಕತ್ತರಿಸು. ತುದಿಗೆ ತುದಿ, ನಡುವಿಗೆ ನಡು ಗುಂಡುಪಿನ್ನು ಚುಚ್ಚಿ ಹೊಲಿ. ಪಟ್ಟಿ ಎಳೀಬೇಡ. ದೊಡ್ಡ ಕೌದಿ ತಪ್ಪನ್ನ ನುಂಗ್ಕತದೆ, ಚಿಕ್ಕದು ನುಂಗಾಕಿಲ್ಲ."

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಟೇಪಿನ ಸಣ್ಣ ಗೀಟು ತಿಳಿಯಲ್ಲ. ದಾರ ಹಿಡಿದು ಅಳೆದೆ. ಮಗಳು ಬಸುರಿಯಾದ ಮೇಲೆ ನಾಲ್ಕು ಕೌದಿ ಹೊಲಿದೆ, ಮೂರನ್ನು ಬಿಚ್ಚಿ ಎಸೆದೆ. ನಾಲ್ಕನೇದು ಕೂತಿತು.

ಇವತ್ತು ಮಗುವನ್ನು ಎತ್ತಿಕೊಂಡು ಎಲ್ಲರೂ ನಿಂತಿದ್ದಾಗ ಕೌದೀನ ವಾರಗಿತ್ತಿ ಕೈಗೇ ಕೊಟ್ಟೆ. "ನೀನೇ ತೊಟ್ಲಿಗೆ ಆಸವ್ವ."

ಅವಳು ಮೊದಲು ಅದನ್ನು ನೆಲಕ್ಕೆ ಹಾಸಿ ನೋಡಿದಳು. ನಾಲ್ಕೂ ಅಂಚಿನ ಮೇಲೆ ಅಂಗೈ ಸವರಿದಳು, ಎರಡು ಸಲ. ಒಂದು ಸುಕ್ಕೂ ಸಿಗಲಿಲ್ಲ.

"ಅಂಗಡೀದಾ?" ಅಂದಳು.

"ಅಮ್ಮ ವಲ್ದಿದ್ದು ಚಿಕ್ಕಮ್ಮ," ಅಂದಳು ನನ್ನ ಮಗಳು.

ಅವಳು ಅದನ್ನು ತೊಟ್ಟಿಲಿಗೆ ಹಾಸಿದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು.

"ಅಂಚು ಎಂಗೆ ಕೂರಿಸ್ದೆ ಅಕ್ಕ? ನಮ್ ಉಡ್ಗೀನೂ ಈಗ ಐದು ತಿಂಗ್ಳು ಬಸ್ರಿ."

"ಅದೇನ್ ಮಹಾ ವಿದ್ಯೆ? ಅಂಚನ್ನ ಅಳಿ, ಅಷ್ಟುದ್ದಕ್ಕೇ ಪಟ್ಟಿ ಕತ್ತರಿಸಿ ವಲ್ದ್ಬುಡು."

"ಅಷ್ಟೇನಾ?"

"ಅಷ್ಟೇ ಕಣೆ."

ಪಾಪ ಬಂದರೆ ಬರಲಿ, ನನಗೆ ಒಂಚೂರೂ ಬೇಜಾರಿಲ್ಲ.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಬಿಸಿ ಅನ್ನ. ವಾರಗಿತ್ತಿ ನನ್ನ ಪಕ್ಕದಲ್ಲೇ ಕೂತು ಜೋರಾಗಿ ಹೇಳಿದಳು, "ನಾನೂ ಒಂದು ವಲಿತೀನಿ. ತೊಟ್ಲು ಶಾಸ್ತ್ರಕ್ಕೆ ಎಲ್ರೂ ಬಂದು ನೋಡ್ಬೇಕು."

"ಬರ್ದೆ ಇರ್ತೀವಾ? ಎಲ್ರುನ್ನೂ ಕರ್ಕಂಡೇ ಬತ್ತೀನಿ," ಅಂದೆ. ಅವಳ ಒಬ್ಬಟ್ಟಿನ ಮೇಲೆ ತುಪ್ಪ ಸುರಿದು, ನಾನೂ ಮೂರನೇದಕ್ಕೆ ಕೈ ಹಾಕಿದೆ.